ಅಣ್ಣನ ಹತ್ರ ಲೆಕ್ಕ ಕೇಳಿದ್ರೆ ತಪ್ಪುಂಟಾ?

ಇವತ್ತು ರಾಜಕೀಯ ಇಲ್ಲ, ಬ್ರೇಕಿಂಗ್ ನ್ಯೂಸ್ ಇಲ್ಲ. ಒಂದು ಫೋನ್ ಕರೆಯ ಬಗ್ಗೆ ಮಾತಾಡ್ತೀನಿ.

ಎರಡು ತಿಂಗಳ ಹಿಂದೆ, ರಾತ್ರಿಯ ಬುಲೆಟಿನ್ ಮುಗಿಸಿ ಮೈಕ್ ಬಿಚ್ಚಿಡುತ್ತಿದ್ದೆ. ರಾಮಕುಂಜದಿಂದ ಕರೆ ಬಂತು. ಬೆಂಗಳೂರಿನವರಿಗೆ ರಾಮಕುಂಜ ಎಲ್ಲಿದೆ ಅಂತ ಹೇಳಬೇಕಾಗುತ್ತೆ. ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವಾಗ ಸಿಗುವ, ಅಡಿಕೆ ತೋಟಗಳ ನಡುವಿನ ಊರು. ಮೊದಲು ಪುತ್ತೂರು ತಾಲ್ಲೂಕು, ಈಗ ಕಡಬ. ಪೇಜಾವರದ ವಿಶ್ವೇಶತೀರ್ಥ ಶ್ರೀಗಳು 1931ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ.

ಫೋನ್ ಮಾಡಿದ್ದು ಸಂಬಂಧದಲ್ಲಿ ನನಗೆ ಅಕ್ಕ ಆಗಬೇಕಾದವರು. ಕುಶಲ ವಿಚಾರಿಸಿದ್ದು ಎರಡೇ ಮಾತು, ಆಮೇಲೆ ನೇರ ಪ್ರಶ್ನೆ. "ತಮ್ಮಾ, ನೀನು ಟೀವಿಯಲ್ಲಿ ಇಷ್ಟೆಲ್ಲ ಕಾನೂನು ಮಾತಾಡ್ತಿ ಅಲ್ವಾ? ನನಗೊಂದು ಹೇಳು. ಅಣ್ಣನ ಹತ್ರ ಲೆಕ್ಕ ಕೇಳಿದ್ರೆ ತಪ್ಪುಂಟಾ?"

ಕಥೆ ಇಷ್ಟು. ಮನೆಯವರ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಅಪ್ಪನಿಗೆ ಅಡಿಕೆ ವ್ಯಾಪಾರ. ಅಂಗಡಿಯಾಗಿ ಶುರುವಾಗಿದ್ದು ಕೊನೆಗೆ ಪ್ರೈವೇಟ್ ಲಿಮಿಟೆಡ್ ಕಂಪನಿ ಆಯಿತು. ಸಾಯುವ ಮೊದಲು ಅಪ್ಪ ಒಂದು ಫ್ಯಾಮಿಲಿ ಟ್ರಸ್ಟ್ ಮಾಡಿದರು. ಕಂಪನಿಯ ನೂರಕ್ಕೆ 60 ಷೇರು ಮತ್ತು ಹೆದ್ದಾರಿ ಬದಿಯ ಗೋಡೌನ್ ಜಾಗ, ಎರಡನ್ನೂ ಟ್ರಸ್ಟಿಗೆ ಹಾಕಿದರು. ಟ್ರಸ್ಟಿಗಳು ಹಿರಿಮಗ ಮತ್ತು ಸೋದರಮಾವ. ಫಲಾನುಭವಿಗಳು ಮೂರೂ ಮಕ್ಕಳು, ಸಮಪಾಲು. ಅಪ್ಪ ಹೋಗಿ ಆರು ವರ್ಷ. ಪ್ರತಿ ದೀಪಾವಳಿಗೆ ಅಂಗಡಿ ಪೂಜೆಯ ದಿನ ಅಣ್ಣ ತಂಗಿಯ ಕೈಗೆ ಒಂದು ಕವರ್ ಕೊಡ್ತಾರೆ. ಒಳಗೆ ಎಷ್ಟಿದೆಯೋ ಅಷ್ಟು. ಯಾಕಷ್ಟು ಅಂತ ಇವರು ಕೇಳಿಲ್ಲ, ಅವರು ಹೇಳಿಲ್ಲ.

ಈಗ ಗೋಡೌನ್ ಜಾಗ ಮಾರಾಟಕ್ಕಿದೆ. ಕೊಳ್ಳುವ ಸಂಸ್ಥೆಯಲ್ಲಿ ಅಣ್ಣನೂ ಒಬ್ಬ ಪಾಲುದಾರ. ಅಕ್ಕನಿಗೆ ಬಂದಿರುವುದು ಒಂದು ಹಕ್ಕು ಬಿಡುಗಡೆ ಪತ್ರ. ನಾಡಿದ್ದು ಉಪ್ಪಿನಂಗಡಿಗೆ ಬಂದು ಸೈನ್ ಹಾಕು ಅಂದಿದ್ದಾರೆ.

"ನಾನೆಂತ ಪಾಲು ಕೇಳ್ತಾ ಇಲ್ಲ ಮಾರಾಯ, ಲೆಕ್ಕ ಮಾತ್ರ ಕೇಳಿದ್ದು. ಅದಕ್ಕೇ ಅತ್ತಿಗೆ ನನ್ನ ಹತ್ರ ಮಾತು ಬಿಟ್ಟಿದ್ದಾರೆ" ಅಂದ್ರು ಅಕ್ಕ.

ಅವತ್ತು ನಾನು ಹೇಳಿದ್ದು ಒಂದೇ: ನಾಡಿದ್ದು ಸೈನ್ ಹಾಕಬೇಡಿ, ಒಬ್ಬ ವಕೀಲರನ್ನು ನೋಡಿ. ಉಳಿದಿದ್ದನ್ನು ನಾನೂ ಕೂತು ಓದಿದೆ, ವಕೀಲ ಸ್ನೇಹಿತರನ್ನು ಕೇಳಿದೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೇನೆ. ಯಾಕಂದ್ರೆ ಈ ಪ್ರಶ್ನೆ ರಾಮಕುಂಜದ ಒಬ್ಬ ಅಕ್ಕನದ್ದು ಮಾತ್ರ ಅಲ್ಲ.

ಮೂರು ಡಬ್ಬ, ಒಂದು ವಾಲ್ವ್

ನಾನು ಓದಿದ್ದು ಇಂಜಿನಿಯರಿಂಗ್. ಮೂರು ಡಬ್ಬ ಬರೆದು ಬಾಣ ಎಳೆಯದಿದ್ದರೆ ನನಗೆ ಯಾವುದೂ ಅರ್ಥ ಆಗಲ್ಲ. ಟ್ರಸ್ಟ್ ಅಂದ್ರೂ ಮೂರು ಡಬ್ಬವೇ. ಆಸ್ತಿ ಕೊಟ್ಟವರು ಒಬ್ಬರು. ಆಸ್ತಿಯನ್ನು ತಮ್ಮ ಹೆಸರಲ್ಲಿ ಇಟ್ಟುಕೊಂಡು ನೋಡಿಕೊಳ್ಳುವವರು ಟ್ರಸ್ಟಿ. ಅದರ ಫಲ ಯಾರಿಗೆ ಸೇರಬೇಕೋ ಅವರು ಫಲಾನುಭವಿ.

ತೋಟದ ನೀರಿನ ಟ್ಯಾಂಕ್ ನೆನಪು ಮಾಡ್ಕೊಳ್ಳಿ. ಗೇಟ್ ವಾಲ್ವ್ ಟ್ರಸ್ಟಿಯ ಕೈಯಲ್ಲಿದೆ. ಎಷ್ಟು ತಿರುಗಿಸಬೇಕು, ಯಾವ ಸಾಲಿಗೆ ಬಿಡಬೇಕು ಅನ್ನೋದನ್ನು ಟ್ರಸ್ಟ್ ಪತ್ರ ಹೇಳುತ್ತೆ. ವಾಲ್ವ್ ಕೈಯಲ್ಲಿದೆ ಅಂತ ನೀರು ಅವರದ್ದಾಗಲ್ಲ. ಹಾಗೇ ನೀರು ನಮ್ಮದು ಅಂತ ನಾವೇ ಹೋಗಿ ವಾಲ್ವ್ ತಿರುಗಿಸುವ ಹಾಗೂ ಇಲ್ಲ. ಕಾನೂನಿನ ಕಣ್ಣಲ್ಲಿ ಆಸ್ತಿಯ ಮಾಲೀಕ ಟ್ರಸ್ಟಿಯೇ. 1957ರಲ್ಲಿ ಹೋಲ್ಡ್ಸ್‌ವರ್ತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಫಲಾನುಭವಿಗೆ ಇರುವುದು ಆ ಮಾಲೀಕನ ವಿರುದ್ಧದ ಹಕ್ಕು. ಕೇಳೋಕೆ ಸಣ್ಣದು ಅನಿಸಬಹುದು, ಆದರೆ ಅದು ಎಷ್ಟು ಗಟ್ಟಿ ಅಂತ ಮುಂದೆ ನೋಡೋಣ.

ಇದಕ್ಕೆಲ್ಲ ಆಧಾರ 1882ರ ಭಾರತೀಯ ಟ್ರಸ್ಟ್ ಕಾಯ್ದೆ. ಅಷ್ಟು ಹಳೆಯ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ.

ಇಲ್ಲಿ ನಮ್ಮ ಜನ ಮಾಡುವ ಎರಡು ಗೊಂದಲ ಬಿಡಿಸಬೇಕು.

ಮೊದಲನೆಯದು, ಟ್ರಸ್ಟ್ ಮತ್ತು ಕೂಡುಕುಟುಂಬ ಒಂದೇ ಅಂದುಕೊಳ್ಳೋದು. ತುಳುನಾಡಿನವರಿಗೆ ಅಳಿಯಸಂತಾನದ ಯಜಮಾನ ಗೊತ್ತು, ಉಳಿದ ಕಡೆಯವರಿಗೆ ಮನೆಯ ಕರ್ತಾ ಗೊತ್ತು. ಅಳಿಯಸಂತಾನದಲ್ಲಿ ಹಿಂದೆ ಎಲ್ಲರೂ ಒಪ್ಪದೆ ಪಾಲು ಆಗುತ್ತಲೇ ಇರಲಿಲ್ಲ. ಕವರುಗಳಿಗೆ ಪಾಲು ಕೇಳುವ ಹಕ್ಕು ಬಂದಿದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ. ಹಿಂದೂ ಕೂಡುಕುಟುಂಬದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ 2005ರ ತಿದ್ದುಪಡಿ ಹೇಳಿತು, 2020ರಲ್ಲಿ ವಿನೀತಾ ಶರ್ಮಾ ತೀರ್ಪು ಅದನ್ನು ಗಟ್ಟಿ ಮಾಡಿತು. ಆದರೆ ಕರ್ತಾನಿಂದ ಹಳೆಯ ವರ್ಷಗಳ ಪೈಸೆ ಪೈಸೆ ಲೆಕ್ಕ ಕೇಳೋದು ಕಷ್ಟ. ಮೋಸ, ದುರುಪಯೋಗ ಅಂತ ತೋರಿಸದಿದ್ದರೆ ಸಾಮಾನ್ಯವಾಗಿ ಪಾಲಿನ ದಿನ ಇದ್ದದ್ದೇ ಲೆಕ್ಕ. ಟ್ರಸ್ಟಿಯ ವಿಷಯ ಹಾಗಲ್ಲ. ಅವನು ಲೆಕ್ಕ ಇಡಲೇಬೇಕು, ಕೇಳಿದಾಗ ತೋರಿಸಲೇಬೇಕು. ಟ್ರಸ್ಟ್ ಕಾಯ್ದೆಯ ಮೊದಲ ಸೆಕ್ಷನ್ನೇ ಅವಿಭಕ್ತ ಕುಟುಂಬದ ಒಳಗಿನ ಸಂಬಂಧಗಳನ್ನು ಹೊರಗಿಟ್ಟಿದೆ. ಅಂದ್ರೆ ಅಪ್ಪ ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿದ ದಿನವೇ ಆ ಆಸ್ತಿಯ ಮಟ್ಟಿಗೆ ಅಣ್ಣ ಯಜಮಾನ ಸ್ಥಾನದಿಂದ ಇಳಿದು ಟ್ರಸ್ಟಿ ಆದರು. ಬಹಳ ಮನೆಗಳಲ್ಲಿ ಅಣ್ಣನಿಗೂ ಇದು ಗೊತ್ತಿರಲ್ಲ, ತಂಗಿಗೂ ಗೊತ್ತಿರಲ್ಲ.

ಎರಡನೆಯದು, ಊರಿನ ದೇವಸ್ಥಾನ, ಶಾಲೆಯ ಟ್ರಸ್ಟನ್ನು ಮನೆ ಟ್ರಸ್ಟಿಗೆ ಬೆರೆಸೋದು. ಸಾರ್ವಜನಿಕ ಟ್ರಸ್ಟಿನಲ್ಲಿ ಅವ್ಯವಹಾರ ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 92ರಲ್ಲಿ ಆಸಕ್ತಿ ಇರುವ ಇಬ್ಬರಾದರೂ ಸೇರಿ, ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಮನೆಯ ಖಾಸಗಿ ಟ್ರಸ್ಟಿಗೆ ಆ ದಾರಿ ಇಲ್ಲ, ಅದರ ಅಗತ್ಯವೂ ಇಲ್ಲ. ಒಬ್ಬ ಫಲಾನುಭವಿ ಸಾಕು, ಯಾರ ಅನುಮತಿಯೂ ಬೇಡ.

ಕೇಳಬಹುದಾದ್ದು ಏನೇನು?

ಅಕ್ಕನ ಮೂಲ ಪ್ರಶ್ನೆಗೆ ಬರ್ತೀನಿ. ಲೆಕ್ಕ ಕೇಳಿದ್ರೆ ತಪ್ಪುಂಟಾ? ಇಲ್ಲ.

ಸೆಕ್ಷನ್ 19 ಹೇಳೋದು ಎರಡು ವಿಷಯ. ಟ್ರಸ್ಟಿ ಸ್ಪಷ್ಟವಾದ, ಸರಿಯಾದ ಲೆಕ್ಕ ಇಡಬೇಕು. ಫಲಾನುಭವಿ ಕೇಳಿದರೆ, ಸೂಕ್ತವಾದ ಯಾವ ಹೊತ್ತಿನಲ್ಲಾದರೂ, ಆಸ್ತಿ ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಅನ್ನೋ ಪೂರ್ಣ ಮಾಹಿತಿ ಕೊಡಬೇಕು. ಸೆಕ್ಷನ್ 57 ಇನ್ನೂ ಮುಂದಕ್ಕೆ ಹೋಗುತ್ತೆ. ಟ್ರಸ್ಟ್ ಪತ್ರ, ಟ್ರಸ್ಟ್ ಆಸ್ತಿಯ ದಾಖಲೆ, ಲೆಕ್ಕ, ಲೆಕ್ಕದ ಹಿಂದಿರುವ ವೋಚರ್, ಎಲ್ಲವನ್ನೂ ನೋಡುವ, ನಕಲು ಪಡೆಯುವ ಹಕ್ಕು ಫಲಾನುಭವಿಗಿದೆ. ಅಷ್ಟೇ ಅಲ್ಲ, ಟ್ರಸ್ಟ್ ಕೆಲಸಕ್ಕಾಗಿ ಟ್ರಸ್ಟಿ ವಕೀಲರಿಂದ ಪಡೆದ ಅಭಿಪ್ರಾಯವನ್ನೂ ನೋಡಬಹುದು. ದೀಪಾವಳಿಯ ಕವರ್ ಲೆಕ್ಕ ಅಲ್ಲ. ಕವರಿನೊಳಗಿನ ಮೊತ್ತ ಹೇಗೆ ಬಂತು ಅನ್ನೋ ಕಾಗದವೇ ಲೆಕ್ಕ.

ಇನ್ನೂ ಕೆಲವು ಹಕ್ಕುಗಳನ್ನು ಬೇಗ ಹೇಳಿಬಿಡ್ತೀನಿ. ಫಲಾನುಭವಿಗಳು ಒಬ್ಬರಿಗಿಂತ ಹೆಚ್ಚಿದ್ದರೆ ಟ್ರಸ್ಟಿ ಪಕ್ಷಪಾತ ಮಾಡುವಂತಿಲ್ಲ. ಇಬ್ಬರು ಟ್ರಸ್ಟಿಗಳಿದ್ದರೆ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಇಬ್ಬರೂ ಸೇರಿಯೇ ತೀರ್ಮಾನ ಮಾಡಬೇಕು. ಸೋದರಮಾವ ಖಾಲಿ ಹಾಳೆಗೆ ಸಹಿ ಮಾಡಿಕೊಟ್ಟು ಪುತ್ತೂರಲ್ಲಿ ಆರಾಮಾಗಿ ಕೂತರೆ ಅವರ ಜವಾಬ್ದಾರಿ ಕಳೆಯಲ್ಲ. ಟ್ರಸ್ಟ್ ಪತ್ರದ ಶರತ್ತು ಬದಲಿಸಬೇಕಾದರೆ ವಯಸ್ಕ ಫಲಾನುಭವಿಗಳೆಲ್ಲರ ಒಪ್ಪಿಗೆ ಬೇಕು. ಟ್ರಸ್ಟಿ ಅಯೋಗ್ಯರಾದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಹೊಸಬರನ್ನು ಕೇಳಬಹುದು.

ಈಗ ಗೋಡೌನ್ ವಿಷಯ. ಟ್ರಸ್ಟಿ ಟ್ರಸ್ಟ್ ಆಸ್ತಿಯನ್ನು ತನ್ನ ಲಾಭಕ್ಕೆ ಬಳಸಬಾರದು, ಇದು ಸೆಕ್ಷನ್ 51. ಮಾರುವ ಹೊಣೆ ಇರುವ ಟ್ರಸ್ಟಿ ನೇರವಾಗಿಯೂ ಬಳಸುದಾರಿಯಿಂದಲೂ ತಾನೇ ಕೊಳ್ಳಬಾರದು, ಇದು 52. ತಾನೇ ಕೊಳ್ಳಬೇಕು ಅಂದರೆ ಕೋರ್ಟಿನ ಅನುಮತಿ ಬೇಕು, ಫಲಾನುಭವಿಗೆ ಕಣ್ಣಿಗೆ ಕಾಣುವ ಲಾಭ ಇದ್ದರೆ ಮಾತ್ರ ಅನುಮತಿ, ಇದು 53. ಬೆಲೆ ನ್ಯಾಯವಾಗಿದೆ ಅಂತ ಅಣ್ಣ ಹೇಳಬಹುದು. ಇರಲೂಬಹುದು. ಆದರೆ ಮಾರುವ ಕೈಯೂ ಕೊಳ್ಳುವ ಕೈಯೂ ಒಂದೇ ಆದಾಗ ನ್ಯಾಯ ಅಂತ ಹೇಳುವ ಮೂರನೆಯ ಬಾಯಿ ಬೇಕು. ಆ ಬಾಯಿ ಕೋರ್ಟು.

ಇದು ಎಷ್ಟು ಹಳೆಯ ನಿಯಮ ಅಂದ್ರೆ, 300 ವರ್ಷದ ಹಿಂದಿನ ಲಂಡನ್ನಿನ ಒಂದು ಕೇಸು ನೋಡಿ. 1726, ಕೀಚ್ ವಿರುದ್ಧ ಸ್ಯಾಂಡ್‌ಫೋರ್ಡ್. ಒಂದು ಮಾರುಕಟ್ಟೆಯ ಸುಂಕದ ಗುತ್ತಿಗೆ, ನಮ್ಮ ಸಂತೆ ಹರಾಜಿನ ಹಾಗೆ. ಫಲಾನುಭವಿ ಒಬ್ಬ ಮೈನರ್ ಹುಡುಗ. ಗುತ್ತಿಗೆ ಮುಗಿದಾಗ ಮಾರುಕಟ್ಟೆಯ ಮಾಲೀಕ, ಮೈನರಿಗೆ ಮತ್ತೆ ಕೊಡಲ್ಲ ಅಂದ. ಸರಿ, ಹಾಗಾದರೆ ನನಗೆ ಕೊಡಿ ಅಂತ ಟ್ರಸ್ಟಿ ತನ್ನ ಹೆಸರಿಗೆ ಪಡೆದ. ಮೋಸ ಎಲ್ಲಿದೆ? ಹುಡುಗನಿಗೆ ಹೇಗೂ ಸಿಗುತ್ತಿರಲಿಲ್ಲ. ಆದರೂ ನ್ಯಾಯಾಧೀಶರು ಒಪ್ಪಲಿಲ್ಲ. ಲೋಕದಲ್ಲಿ ಯಾರು ಬೇಕಾದರೂ ಆ ಗುತ್ತಿಗೆ ಹಿಡಿಯಬಹುದು, ಟ್ರಸ್ಟಿ ಒಬ್ಬನನ್ನು ಬಿಟ್ಟು ಅಂದರು. ಲಾಭ ಹುಡುಗನಿಗೆ ಹೋಯಿತು. ಒಮ್ಮೆ ಈ ಬಾಗಿಲು ತೆರೆದರೆ ಪ್ರತಿ ಟ್ರಸ್ಟಿಯೂ ಫಲಾನುಭವಿಗೆ ಸಿಗದಿರಲಿ ಅಂತಲೇ ಕಾಯ್ತಾನೆ ಅನ್ನೋದು ಅದರ ಹಿಂದಿನ ತರ್ಕ.

ವ್ಯಾಪಾರದ ಗೋಡೆ

ಇಲ್ಲಿಯವರೆಗೆ ಸುಲಭ. ಕಷ್ಟ ಶುರುವಾಗೋದು ಟ್ರಸ್ಟಿನ ಆಸ್ತಿ ಕಂಪನಿಯ ಷೇರು ಆಗಿದ್ದಾಗ.

ಕಂಪನಿ ತನ್ನ ಸದಸ್ಯರ ಪಟ್ಟಿಯಲ್ಲಿ ನೋಡೋದು ಟ್ರಸ್ಟಿಯ ಹೆಸರು. ಸಭೆಗೆ ನೋಟಿಸ್ ಅವರಿಗೆ, ಮತ ಅವರದ್ದು. ಫಲಾನುಭವಿ ಕಂಪನಿಯ ಬಾಗಿಲಲ್ಲಿ ನಿಂತು ನನಗೆ ಲೆಡ್ಜರ್ ತೋರಿಸಿ ಅಂದರೆ, ನೀವು ಯಾರು ಅಂತ ಮ್ಯಾನೇಜರ್ ಕೇಳಬಹುದು. ಆಡಳಿತದಲ್ಲಿ ದಬ್ಬಾಳಿಕೆ ನಡೆದಿದೆ ಅಂತ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಹಾಕೋದು ಮೂಲತಃ ಸದಸ್ಯರ ಹಕ್ಕು, ಅದಕ್ಕೂ ಸಾಮಾನ್ಯವಾಗಿ ಹತ್ತನೇ ಒಂದು ಪಾಲು ಷೇರಿನಂಥ ಮಿತಿ ಇದೆ. ಬಹಳ ಜನ ಇಲ್ಲೇ ತಪ್ಪು ಬಾಗಿಲು ತಟ್ಟಿ ಎರಡು ವರ್ಷ ಕಳೀತಾರೆ. ಫಲಾನುಭವಿಯ ಜಗಳ ಮೊದಲು ಕಂಪನಿ ಜೊತೆಗಲ್ಲ, ಟ್ರಸ್ಟಿ ಜೊತೆಗೆ. ಜಾಗ ಸಿವಿಲ್ ಕೋರ್ಟು.

ಹಾಗಾದರೆ ಅಣ್ಣ, ಅದು ಕಂಪನಿ ವಿಷಯ, ಟ್ರಸ್ಟಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದಾ? ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಬ್ಯಾಂಕಿನ ಟ್ರಸ್ಟ್ ಕಂಪನಿ ಇದನ್ನೇ ಹೇಳಿ ಸೋತಿತು. 1980ರ ಬಾರ್ಟ್ಲೆಟ್ ವಿರುದ್ಧ ಬಾರ್ಕ್ಲೇಸ್ ಪ್ರಕರಣ. ಕುಟುಂಬದ ಆಸ್ತಿ ಕಂಪನಿಯೊಂದರ 99.8 ಶೇಕಡಾ ಷೇರು ಟ್ರಸ್ಟಿನಲ್ಲಿತ್ತು. ಕಂಪನಿಯ ನಿರ್ದೇಶಕರು ಲಂಡನ್ನಿನ ಓಲ್ಡ್ ಬೇಲಿ ಪಕ್ಕದ ಕಟ್ಟಡ ಯೋಜನೆಯಲ್ಲಿ ದುಡ್ಡು ಸುರಿದು ಕೈ ಸುಟ್ಟುಕೊಂಡರು. ಟ್ರಸ್ಟಿ ಸುಮ್ಮನೆ ಕೂತಿತ್ತು. ಅಷ್ಟು ಷೇರು ಕೈಯಲ್ಲಿದ್ದ ಮೇಲೆ ಕಂಪನಿಯೊಳಗೆ ಏನಾಗ್ತಿದೆ ಅಂತ ಕೇಳಿ ತಿಳ್ಕೊಳ್ಳೋದು, ಬೇಕಾದಾಗ ತಡೆಯೋದು ನಿನ್ನ ಕರ್ತವ್ಯ ಅಂತ ಕೋರ್ಟು ಹೇಳಿತು. ನಷ್ಟಕ್ಕೆ ಟ್ರಸ್ಟಿ ಹೊಣೆ. ಇಂಗ್ಲೆಂಡಿನ ತೀರ್ಪು ನಮ್ಮ ಕೋರ್ಟಿಗೆ ಕಡ್ಡಾಯ ಅಲ್ಲ, ಆದರೆ ತೂಕ ಇದೆ. 60 ಷೇರು ಕೈಯಲ್ಲಿ ಇಟ್ಟುಕೊಂಡವರಿಗೆ ಈ ಪಾಠ ಸಾಕು.

ಅಣ್ಣನ ಕಡೆಯ ನ್ಯಾಯವನ್ನೂ ಹೇಳಬೇಕು. ಬೆಳಿಗ್ಗೆ ಆರಕ್ಕೆ ಎದ್ದು ಅಡಿಕೆ ತೂಗಿ, ರೇಟು ಬಿದ್ದಾಗ ರಾತ್ರಿ ನಿದ್ದೆಗೆಟ್ಟವರು ಅವರು. ಕಾಯ್ದೆ ಅವರಿಂದ ಕೇಳೋದು ಒಬ್ಬ ಸಾಮಾನ್ಯ ವಿವೇಕಿ ತನ್ನ ಆಸ್ತಿಯನ್ನು ನೋಡಿಕೊಳ್ಳುವಷ್ಟು ಎಚ್ಚರ, ಅದಕ್ಕಿಂತ ಹೆಚ್ಚಲ್ಲ. ಪ್ರಾಮಾಣಿಕವಾಗಿ, ಎಚ್ಚರದಿಂದ ಮಾಡಿದ ವ್ಯಾಪಾರದಲ್ಲಿ ನಷ್ಟ ಆದರೆ ಅವರು ತಪ್ಪಿತಸ್ಥರಲ್ಲ. ಕೈಯಿಂದ ಹಾಕಿದ ಖರ್ಚು ವಾಪಸ್ ಪಡೆಯಬಹುದು. ಟ್ರಸ್ಟಿ ಕೆಲಸಕ್ಕೆ ಸಂಬಳ ಮಾತ್ರ ಪತ್ರದಲ್ಲಿ ಬರೆದಿದ್ದರೆ, ಒಪ್ಪಂದ ಇದ್ದರೆ, ಅಥವಾ ಕೋರ್ಟ್ ಒಪ್ಪಿದರೆ. ತಂಗಿ ದಿನಾ ಫೋನ್ ಮಾಡಿ ಇವತ್ತು ಯಾಕೆ ಈ ರೇಟಿಗೆ ಕೊಟ್ಟೆ ಅಂತ ಕೇಳೋಕೆ ಆಗಲ್ಲ. ಲೆಕ್ಕ ಕೇಳೋದು ಬೇರೆ, ವ್ಯಾಪಾರ ಮಾಡೋಕೆ ಬಿಡದಿರೋದು ಬೇರೆ.

ಇನ್ನೊಂದು ವಿಷಯ. ಮನೆ ಜಗಳ ಅಲ್ವಾ, ಪಂಚಾಯ್ತಿಕೆ ಮಾಡೋಣ, ಪತ್ರದಲ್ಲಿ ಆರ್ಬಿಟ್ರೇಷನ್ ಅಂತ ಬರೆದಿದೆ ಅಂತಾರೆ. 2016ರಲ್ಲಿ ವಿಮಲ್ ಕಿಶೋರ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಅದೂ ಮುಂಬೈನ ಒಂದು ಫ್ಯಾಮಿಲಿ ಟ್ರಸ್ಟಿನ ಜಗಳವೇ. ಟ್ರಸ್ಟ್ ಪತ್ರಕ್ಕೆ ಫಲಾನುಭವಿಗಳು ಸಹಿ ಮಾಡಿರಲ್ಲ, ಹಾಗಾಗಿ ಅದು ಅವರ ನಡುವಿನ ಒಪ್ಪಂದ ಅಲ್ಲ. ಜೊತೆಗೆ ಟ್ರಸ್ಟ್ ಕಾಯ್ದೆಯೇ ಸಿವಿಲ್ ಕೋರ್ಟಿನ ಪೂರ್ಣ ದಾರಿ ಕೊಟ್ಟಿದೆ. ಆದ್ದರಿಂದ ಟ್ರಸ್ಟ್ ಪತ್ರದ ಜಗಳವನ್ನು ಆರ್ಬಿಟ್ರೇಷನ್ನಿಗೆ ಕಳಿಸುವಂತಿಲ್ಲ. ಹಿರಿಯರ ಮುಂದೆ ಕೂತು ರಾಜಿ ಆಗೋದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಬಲವಂತದ ಪಂಚಾಯ್ತಿಕೆ ನಡೆಯಲ್ಲ.

ಎರಡು ದೊಡ್ಡ ಮನೆಗಳು

ನಮ್ಮ ಉದ್ಯಮದ್ದೇ ಒಂದು ಸುದ್ದಿ ಹೇಳ್ತೀನಿ. ರೂಪರ್ಟ್ ಮರ್ಡೋಕ್, ಜಗತ್ತಿನ ಅತಿ ದೊಡ್ಡ ಸುದ್ದಿ ವ್ಯಾಪಾರಿಗಳಲ್ಲಿ ಒಬ್ಬರು. ಫಾಕ್ಸ್ ಮತ್ತು ನ್ಯೂಸ್ ಕಾರ್ಪ್ ಕಂಪನಿಗಳ ಮತಾಧಿಕಾರದ ಷೇರುಗಳಲ್ಲಿ ಸುಮಾರು 40 ಶೇಕಡಾ ಅವರ ಫ್ಯಾಮಿಲಿ ಟ್ರಸ್ಟಿನ ಕೈಯಲ್ಲಿತ್ತು. ತಂದೆಯ ನಂತರ ಹಿರಿಯ ನಾಲ್ವರು ಮಕ್ಕಳಿಗೆ ಸಮ ಮತ, ಇದು ಟ್ರಸ್ಟಿನ ನಿಯಮ. 2023ರ ಕೊನೆಗೆ ತಂದೆ ಅದನ್ನು ಬದಲಿಸಿ ಇಡೀ ನಿಯಂತ್ರಣ ಮಗ ಲಾಕ್ಲನ್ ಒಬ್ಬನಿಗೇ ಕೊಡಲು ಹೊರಟರು. ಉಳಿದ ಮೂವರು ಮಕ್ಕಳು ಅಮೆರಿಕದ ನೆವಾಡಾದ ಕೋರ್ಟಿನಲ್ಲಿ ಅದನ್ನು ವಿರೋಧಿಸಿದರು.

ಟ್ರಸ್ಟ್ ಬದಲಿಸಲು ಅವಕಾಶ ಇತ್ತು, ಆದರೆ ಸದುದ್ದೇಶದಿಂದ, ಫಲಾನುಭವಿಗಳ ಹಿತಕ್ಕಾಗಿ ಮಾತ್ರ. 2024ರ ಡಿಸೆಂಬರಿನಲ್ಲಿ ಅಲ್ಲಿನ ಕಮಿಷನರ್ ಇದು ಸದುದ್ದೇಶದ ಬದಲಾವಣೆ ಅಲ್ಲ ಅಂತ ತೀರ್ಪು ಕೊಟ್ಟರು. 2025ರ ಸೆಪ್ಟೆಂಬರಿನಲ್ಲಿ ರಾಜಿ ಆಯಿತು. ನಿಯಂತ್ರಣ ಲಾಕ್ಲನ್ ಕೈಗೆ ಹೋಯಿತು, ಆದರೆ ಉಳಿದ ಮೂವರಿಗೆ ತಲಾ ಸುಮಾರು 110 ಕೋಟಿ ಡಾಲರ್ ಕೊಟ್ಟ ಮೇಲೆ. ಯೋಚನೆ ಮಾಡಿ. ಆ ಮೂವರು ಮೊದಲೇ ಮನೆ ಮರ್ಯಾದೆ ಅಂತ ಸಹಿ ಹಾಕಿದ್ದರೆ? ಫಲಾನುಭವಿಯ ಹಕ್ಕಿಗೆ ಬೆಲೆ ಬಂದಿದ್ದು ಅದನ್ನು ಕೇಳಿದ್ದಕ್ಕೆ.

ಇನ್ನೊಂದು ಮನೆ ನಮ್ಮ ಹತ್ತಿರದ್ದು. ರಾಮಕುಂಜದಿಂದ ಉಪ್ಪಿನಂಗಡಿಗೆ ಬಂದು, ಮಾಣಿ, ಕಲ್ಲಡ್ಕ ದಾಟಿದರೆ ಬಂಟ್ವಾಳ. ವಿಜಯ್ ಮಲ್ಯ ಕುಟುಂಬದ ಮೂಲ ಅದು. ಕಿಂಗ್‌ಫಿಷರ್ ವಿಮಾನ 2012ರಲ್ಲಿ ನಿಂತಿತು, ಬ್ಯಾಂಕುಗಳು ಸಾಲಕ್ಕೆ ಬೆನ್ನು ಬಿದ್ದವು. ಆಸ್ತಿ ಪರಭಾರೆ ಮಾಡಬಾರದು ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲಿ ಆದೇಶ ಮಾಡಿತ್ತು. 2016ರ ಫೆಬ್ರವರಿ 25ರಂದು ಡಿಯಾಜಿಯೊ ಜೊತೆ ಒಪ್ಪಂದ ಆಯಿತು. ಯುನೈಟೆಡ್ ಸ್ಪಿರಿಟ್ಸ್ ಬಿಟ್ಟುಕೊಡೋಕೆ 7.5 ಕೋಟಿ ಡಾಲರ್, ಅದರಲ್ಲಿ 4 ಕೋಟಿ ಕೂಡಲೇ ಬಂತು. ಕೆಲವೇ ದಿನಗಳಲ್ಲಿ ಆ 4 ಕೋಟಿ ಡಾಲರ್ ಅವರ ಮಕ್ಕಳು ಫಲಾನುಭವಿಗಳಾಗಿದ್ದ ಟ್ರಸ್ಟುಗಳಿಗೆ ಹೋಯಿತು. ಮಾರ್ಚ್ 2ಕ್ಕೆ ಮಲ್ಯ ದೇಶ ಬಿಟ್ಟರು.

ಟ್ರಸ್ಟಿಗೆ ಹೋಯಿತಲ್ಲ, ಇನ್ನು ಅದು ಮಕ್ಕಳದ್ದು, ಯಾರೂ ಮುಟ್ಟೋಕಾಗಲ್ಲ ಅಂತ ಜನ ಅಂದುಕೊಂಡಿದ್ದರು. 2017ರಲ್ಲಿ ಸುಪ್ರೀಂ ಕೋರ್ಟ್ ಮಲ್ಯರನ್ನು ನ್ಯಾಯಾಂಗ ನಿಂದನೆಯಲ್ಲಿ ತಪ್ಪಿತಸ್ಥ ಅಂದಿತು. 2022ರ ಜುಲೈ 11ರಂದು ನಾಲ್ಕು ತಿಂಗಳ ಜೈಲು, 2,000 ರೂಪಾಯಿ ದಂಡ ವಿಧಿಸಿತು. ದಂಡದ ಮೊತ್ತ ಕೇಳಿ ಸ್ಟುಡಿಯೋದಲ್ಲಿ ನಾವೆಲ್ಲ ನಕ್ಕಿದ್ದೆವು. ಆದರೆ ನಿಜವಾದ ಸುದ್ದಿ ಮುಂದಿನ ಸಾಲಿನಲ್ಲಿತ್ತು. ಆ ವರ್ಗಾವಣೆಯೇ ಅಸಿಂಧು, ಹಣ ಪಡೆದ ಫಲಾನುಭವಿಗಳು ಶೇಕಡಾ 8 ಬಡ್ಡಿ ಸೇರಿಸಿ ನಾಲ್ಕು ವಾರದಲ್ಲಿ ವಾಪಸ್ ಕಟ್ಟಬೇಕು ಅಂತ ಕೋರ್ಟು ಹೇಳಿತ್ತು.

ಈ ಎರಡು ಮನೆ ಪಕ್ಕಪಕ್ಕ ಇಟ್ಟರೆ ಫಲಾನುಭವಿಯ ಹಕ್ಕಿನ ಎರಡು ಗಡಿಗಳೂ ಕಾಣುತ್ತವೆ. ಟ್ರಸ್ಟಿಗೆ ಆಸ್ತಿ ಸರಿಯಾದ ದಾರಿಯಲ್ಲಿ ಬಂದಿದ್ದರೆ, ಕೊಟ್ಟ ಅಪ್ಪನೇ ಬಂದರೂ ನಿಮ್ಮ ಹಕ್ಕು ಅಲುಗಾಡಿಸೋದು ಕಷ್ಟ. ಸಾಲ ಕೊಟ್ಟವರ ಕಣ್ಣು ತಪ್ಪಿಸಿ, ಕೋರ್ಟಿನ ಆದೇಶ ಮೀರಿ ಬಂದಿದ್ದರೆ, ಟ್ರಸ್ಟ್ ಅನ್ನೋ ಹೆಸರು ನಿಮ್ಮನ್ನು ಕಾಪಾಡಲ್ಲ. ಹಾಗಾಗಿ ಅಕ್ಕನಿಗೆ ನಾನು ಮೊದಲು ಕೇಳಿದ್ದು, ಅಪ್ಪ ಟ್ರಸ್ಟ್ ಮಾಡುವಾಗ ಬ್ಯಾಂಕ್ ಸಾಲ ಬಾಕಿ ಇತ್ತಾ? ಇರಲಿಲ್ಲ ಅಂದ್ರು. ಒಳ್ಳೆಯದಾಯಿತು.

ಜಗಲಿಯ ಮೇಲೆ ಹಾಕಿದ ಸಹಿ

ಈಗ ನನ್ನದೇ ಒಂದು ವಿಷಯ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ರಜೆಗೆ ಹೋದಾಗ ಮನೆಯ ಹಿರಿಯರೊಬ್ಬರು ಜಗಲಿಯ ಮೇಲೆ ಒಂದು ಕಾಗದ ಇಟ್ಟು, ಇಲ್ಲಿ ಒಂದು ಸೈನ್ ಹಾಕು ಅಂದರು. ಹಾಕಿದೆ. ಓದಲಿಲ್ಲ. ಓದಿದ್ದರೆ ಅವರನ್ನು ನಂಬಲ್ಲ ಅಂದ ಹಾಗೆ ಆಗ್ತಿತ್ತು ಅನ್ನೋ ಸಂಕೋಚ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಸರ್ಕ್ಯೂಟನ್ನು ಮೂರು ಸಲ ಚೆಕ್ ಮಾಡುವವನು, ಹಕ್ಕಿನ ಕಾಗದವನ್ನು ಒಂದು ಸಲವೂ ಓದಲಿಲ್ಲ. ಅದೊಂದು ಮಾರಾಟಕ್ಕೆ ಕೊಟ್ಟ ಒಪ್ಪಿಗೆ ಅಂತ ಗೊತ್ತಾಗಿದ್ದು ವರ್ಷಗಳ ಮೇಲೆ. ನಾನು ಕೇಳಲು ಹೋಗಲಿಲ್ಲ. ಅವರು ಈಗ ಇಲ್ಲ.

ಅದಕ್ಕೇ ಸೆಕ್ಷನ್ 23ನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಟ್ರಸ್ಟಿ ತಪ್ಪು ಮಾಡಿದರೆ ನಷ್ಟ ತುಂಬಬೇಕು. ಫಲಾನುಭವಿ ಒಪ್ಪಿದ್ದರೆ ಟ್ರಸ್ಟಿ ಪಾರಾಗಬಹುದು. ಆದರೆ ಎಂಥ ಒಪ್ಪಿಗೆ? ಒತ್ತಾಯ ಇಲ್ಲದ, ಅನುಚಿತ ಪ್ರಭಾವ ಇಲ್ಲದ, ವಿಷಯ ಪೂರ್ತಿ ಗೊತ್ತಿದ್ದು, ಟ್ರಸ್ಟಿಯ ವಿರುದ್ಧ ತನಗೆ ಏನು ಹಕ್ಕಿದೆ ಅನ್ನೋದೂ ಗೊತ್ತಿದ್ದು ಕೊಟ್ಟ ಒಪ್ಪಿಗೆ. ಅಂದ್ರೆ ಜಗಲಿಯ ಮೇಲಿನ ಪ್ರತಿ ಸಹಿಯೂ ಕೊನೆಯ ಮಾತಲ್ಲ. ಆದರೆ ಅದನ್ನು ಬಿಡಿಸಲು ಕೋರ್ಟು ಸುತ್ತಬೇಕು, ಏನೂ ಗೊತ್ತಿರಲಿಲ್ಲ ಅಂತ ಸಾಬೀತು ಮಾಡಬೇಕು. ಸಹಿ ಹಾಕುವ ಮೊದಲು ಓದೋದು ಅದಕ್ಕಿಂತ ಸಾವಿರ ಪಾಲು ಸುಲಭ.

ಹಾಗಾದರೆ ಏನು ಮಾಡಬೇಕು? ಜಗಳದಿಂದ ಶುರು ಮಾಡಬೇಡಿ, ಕಾಗದದಿಂದ ಶುರು ಮಾಡಿ.

ಮೊದಲು ಟ್ರಸ್ಟ್ ಪತ್ರ. ಬದುಕಿರುವವರು ಸ್ಥಿರಾಸ್ತಿಯನ್ನು ಟ್ರಸ್ಟಿಗೆ ಹಾಕಿದರೆ ಪತ್ರ ನೋಂದಣಿ ಆಗಿರಬೇಕು. ಆದ್ದರಿಂದ ಅಣ್ಣ ಕೊಡದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತೆ. ಅದರಲ್ಲಿ ನಿಮ್ಮ ಪಾಲು ಇಷ್ಟು ಅಂತ ಬರೆದಿದೆಯೋ, ಅಥವಾ ಯಾರಿಗೆ ಎಷ್ಟು ಅನ್ನೋದು ಟ್ರಸ್ಟಿಯ ವಿವೇಚನೆಗೆ ಬಿಟ್ಟಿದೆಯೋ ನೋಡಿ. ಎರಡನೆಯದಾದರೆ ನನ್ನ ಮೂರನೇ ಒಂದು ಪಾಲು ಕೊಡಿ ಅಂತ ಕೇಳೋಕಾಗಲ್ಲ, ನ್ಯಾಯವಾಗಿ ಪರಿಗಣಿಸಿ ಅಂತ ಮಾತ್ರ ಕೇಳಬಹುದು. ಮಾರುವ ಅಧಿಕಾರ ಟ್ರಸ್ಟಿಗೆ ಕೊಟ್ಟಿದೆಯೋ, ಅದನ್ನೂ ನೋಡಿ.

ಆಮೇಲೆ ಕಂಪನಿ. ಪ್ರೈವೇಟ್ ಲಿಮಿಟೆಡ್ ಆದರೂ ಅದು ಸರ್ಕಾರಕ್ಕೆ ಸಲ್ಲಿಸಿದ ವಾರ್ಷಿಕ ಲೆಕ್ಕಪತ್ರಗಳನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್ಲಿನಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಡಿವಿಡೆಂಡ್ ಎಷ್ಟು ಕೊಟ್ಟಿದೆ, ನಿರ್ದೇಶಕರ ಸಂಬಳ ಎಷ್ಟು, ಯಾರಿಗೆ ಸಾಲ ಕೊಟ್ಟಿದೆ ಅನ್ನೋದರ ಸುಳಿವು ಅಲ್ಲೇ ಸಿಗುತ್ತೆ.

ಮೂರನೆಯದು, ಒಂದು ಪತ್ರ. ಮರ್ಯಾದೆಯ ಭಾಷೆಯಲ್ಲಿ, ಇಬ್ಬರೂ ಟ್ರಸ್ಟಿಗಳಿಗೆ, ಸ್ಪೀಡ್ ಪೋಸ್ಟಿನಲ್ಲಿ. ಆರು ವರ್ಷದ ಲೆಕ್ಕ ಮತ್ತು ದಾಖಲೆಗಳನ್ನು ನೋಡಬೇಕು, ಇಂಥ ದಿನದೊಳಗೆ ತಿಳಿಸಿ ಅಂತ.

ನಾಲ್ಕನೆಯದು ತುರ್ತಿನದ್ದು. ಮಾರಾಟ ಮುಂದಿದ್ದರೆ ಕೊಳ್ಳುವವರಿಗೂ ಇದು ಟ್ರಸ್ಟ್ ಆಸ್ತಿ, ನನ್ನ ಆಕ್ಷೇಪ ಇದೆ ಅಂತ ವಕೀಲರ ಮೂಲಕ ತಿಳಿಸಿ. ಯಾಕಂದ್ರೆ ತಪ್ಪಾಗಿ ಹೊರಗೆ ಹೋದ ಟ್ರಸ್ಟ್ ಆಸ್ತಿಯನ್ನು ಫಲಾನುಭವಿ ಬೆನ್ನಟ್ಟಬಹುದು, ಸೆಕ್ಷನ್ 63 ಆ ಹಕ್ಕು ಕೊಡುತ್ತೆ. ಆದರೆ ಏನೂ ಗೊತ್ತಿಲ್ಲದೆ, ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವರಿಗೆ ಸೆಕ್ಷನ್ 64ರ ರಕ್ಷಣೆ ಇದೆ. ನಿಮ್ಮ ನೋಟಿಸ್ ತಲುಪಿದ ಮೇಲೆ ಅವರು ಗೊತ್ತಿರಲಿಲ್ಲ ಅನ್ನೋಕಾಗಲ್ಲ. ಅದಕ್ಕೂ ಜಗ್ಗದಿದ್ದರೆ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ.

ತಡವಾಯಿತು ಅಂತ ಕೈಚೆಲ್ಲಿ ಕೂರಬೇಡಿ. ಟ್ರಸ್ಟಿಯ ಕೈಯಲ್ಲೇ ಇರುವ ಟ್ರಸ್ಟ್ ಆಸ್ತಿಗಾಗಿ, ಅದರ ಲೆಕ್ಕಕ್ಕಾಗಿ ಹೂಡುವ ದಾವೆಗೆ ಕಾಲಮಿತಿಯೇ ಇಲ್ಲ ಅಂತ 1963ರ ಕಾಲಮಿತಿ ಕಾಯ್ದೆಯ ಸೆಕ್ಷನ್ 10 ಹೇಳುತ್ತೆ. ಆದರೆ ದುಡ್ಡು ಕೊಟ್ಟು ಕೊಂಡ ಮೂರನೆಯವರ ವಿರುದ್ಧ ಗಡಿಯಾರ ಓಡುತ್ತಿರುತ್ತೆ.

ಅಕ್ಕನ ಕಥೆ ಏನಾಯಿತು? ಅವರು ನಾಡಿದ್ದು ಉಪ್ಪಿನಂಗಡಿಗೆ ಹೋಗಲಿಲ್ಲ. ಪತ್ರ ಬರೆದರು. ಅಣ್ಣ ಮೂರು ವಾರ ಮಾತಾಡಲಿಲ್ಲ. ಊರಿನ ಒಂದು ಮದುವೆಯಲ್ಲಿ ಎದುರಾದರೂ ಮುಖ ತಿರುಗಿಸಿದರಂತೆ. ಅವತ್ತು ರಾತ್ರಿ ಫೋನಿನಲ್ಲಿ ಅಕ್ಕ ಅತ್ತಿದ್ದರು. "ಕೇಳದೇ ಇದ್ದಿದ್ರೆ ಅಣ್ಣ ಆದ್ರೂ ಇರ್ತಿದ್ದ" ಅಂದ್ರು. ಅದಕ್ಕೆ ನನ್ನ ಹತ್ತಿರ ಯಾವ ಸೆಕ್ಷನ್ನೂ ಇರಲಿಲ್ಲ.

ಕಳೆದ ಭಾನುವಾರ ಅಣ್ಣನ ಮಗ ಒಂದು ಚೀಲದಲ್ಲಿ ಆರು ವರ್ಷದ ಫೈಲ್ ತಂದು ಕೊಟ್ಟು, ಅತ್ತೆಯ ಮನೆಯಲ್ಲೇ ಊಟ ಮಾಡಿ ಹೋದ. ಸೋದರಮಾವ ಕೂಡ ಅದನ್ನು ಮೊದಲ ಸಲ ಓದುತ್ತಿದ್ದಾರಂತೆ. ಗೋಡೌನ್ ಮಾರಾಟ ಸದ್ಯಕ್ಕೆ ನಿಂತಿದೆ. ಲೆಕ್ಕದಲ್ಲಿ ಎರಡು ಕಡೆ ಪ್ರಶ್ನೆ ಉಂಟು ಅಂತ ಅಕ್ಕ ಹೇಳಿದ್ರು, ಉಳಿದದ್ದೆಲ್ಲ ಸರಿ ಇದೆ ಅಂತಲೂ ಹೇಳಿದ್ರು. ಆರು ವರ್ಷ ಅಣ್ಣ ಎಷ್ಟು ಕಷ್ಟಪಟ್ಟಿದ್ದಾನೆ ಅಂತ ಅವರಿಗೆ ಗೊತ್ತಾಗಿದ್ದೂ ಅದೇ ಫೈಲಿನಿಂದ.

ಅಪ್ಪ ಟ್ರಸ್ಟ್ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅದರ ಅರ್ಥ ನಂಬಿಕೆ. ಲೆಕ್ಕ ತೋರಿಸಿದರೆ ನಂಬಿಕೆ ಹೋಗಲ್ಲ, ಮುಚ್ಚಿಟ್ಟರೆ ಹೋಗುತ್ತೆ. ನಿಮ್ಮ ಮನೆಯಲ್ಲೂ ಇಂಥ ಒಂದು ಕಾಗದ ಇದ್ದರೆ ಇವತ್ತು ರಾತ್ರಿ ತೆಗೆದು ಓದಿ. ನೀವು ಟ್ರಸ್ಟಿ ಆಗಿದ್ದರೆ, ತಂಗಿ ಕೇಳುವ ಮೊದಲು ನೀವೇ ತೋರಿಸಿ.